ತಾಳಗುಪ್ಪ ರೈಲಿನಲ್ಲಿ ಒಂದು ‘ಬೇಡ’

ರೈಲು ಯಶವಂತಪುರ ದಾಟುವ ಮೊದಲೇ ನನ್ನ ತಮ್ಮನಿಗೆ ಮೊದಲ ಪರೀಕ್ಷೆ ಎದುರಾಯ್ತು. ಬೆಂಗಳೂರು–ತಾಳಗುಪ್ಪ ಇಂಟರ್‌ಸಿಟಿ, ಕಳೆದ ಆಗಸ್ಟ್‌ನ ಒಂದು ಶುಕ್ರವಾರ ಮಧ್ಯಾಹ್ನ. ಡಬ್ಬಿ ತುಂಬ ಊರಿಗೆ ಹೊರಟ ನಮ್ಮಂಥವರೇ. ಲ್ಯಾಪ್‌ಟಾಪ್ ಬ್ಯಾಗು, ಪವರ್ ಬ್ಯಾಂಕು, ಅಮ್ಮನಿಗೆ ಅಂತ ತಗೊಂಡ ಸ್ವೀಟ್ ಬಾಕ್ಸು. ತಮ್ಮನದು ಕಿಟಕಿ ಸೀಟು, ಪಕ್ಕದ್ದು ನನ್ನದು. ಒಬ್ಬರು ಹಿರಿಯರು ಎದುರು ಬಂದು ನಿಂತು, “ತಮ್ಮಾ, ಸ್ವಲ್ಪ ಈ ಕಡೆ ಬರ್ತೀಯಾ? ಕಿಟಕಿ ಹತ್ರ ಕೂತ್ರೇನೇ ನನಗೆ ನಿದ್ದೆ ಬರೋದು” ಅಂದರು.

ನಾನಾಗಿದ್ದರೆ ಅವರ ಮಾತು ಮುಗಿಯೋದರೊಳಗೆ ಎದ್ದಿರುತ್ತಿದ್ದೆ. ತಮ್ಮ ಒಮ್ಮೆ ನನ್ನ ಮುಖ ನೋಡಿದ. ಆಮೇಲೆ ಅವರನ್ನೇ ನೋಡಿ, “ಬೇಡ ಸರ್. ನಾನು ಇಲ್ಲೇ ಕೂತ್ಕೋತೀನಿ” ಅಂದ. ಅಷ್ಟೇ. ಕಾರಣ ಕೊಡಲಿಲ್ಲ, ಹಲ್ಲು ಕಿರಿಯಲಿಲ್ಲ, ದನಿ ಏರಿಸಲೂ ಇಲ್ಲ. ಹಿರಿಯರು ‘ಈಗಿನ ಕಾಲದ ಹುಡುಗ್ರು’ ಅನ್ನೋ ಮುಖ ಮಾಡಿಕೊಂಡು ಎದುರು ಸೀಟಿನಲ್ಲಿ ಕೂತರು. ಮೈ ಬೆವರಿದ್ದು ನನಗೆ. ನನ್ನ ಸೀಟನ್ನಾದರೂ ಬಿಟ್ಟುಕೊಡೋಣ ಅಂತ ಅರ್ಧ ಎದ್ದೇಬಿಟ್ಟಿದ್ದೆ. ಅವನು ಕೈ ಹಿಡಿದು ಕೂರಿಸಿದ.

“ಹೋಮ್‌ವರ್ಕ್ ಅಕ್ಕಾ. ದಿನಕ್ಕೊಂದು.”

ಅದು ನಿಜಕ್ಕೂ ಹೋಮ್‌ವರ್ಕೇ. ಅವನು ಮಾತ್ರೆ ಮುಟ್ಟದೆ ಅಂದಿಗೆ 71ನೇ ದಿನ. ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಆರು ವಾರ ಒಳಗಿದ್ದು, ಆಮೇಲೆ ವಾರಕ್ಕೆರಡು ಸಲ ಹೊರರೋಗಿಯಾಗಿ ಹೋಗಿ ಬಂದು, ಈಗ ಮೊದಲ ಸಲ ಊರಿಗೆ. ಡಾಕ್ಟರ್ ಹತ್ತು ದಿನಕ್ಕೆ ಒಪ್ಪಿಗೆ ಕೊಟ್ಟಿದ್ದರು. ಕೌನ್ಸೆಲರ್ ಮೇಡಂ ಮಾತ್ರ ಒಂದು ಪುಟ್ಟ ನೋಟ್‌ಬುಕ್ ಕೊಟ್ಟು, “ದಿನಕ್ಕೆ ಒಂದು ಸಲವಾದರೂ ಯಾರಿಗಾದರೂ ಬೇಡ ಅನ್ನಬೇಕು. ಸಣ್ಣ ವಿಷಯಕ್ಕೆ. ಬರೆದಿಡಬೇಕು” ಅಂದಿದ್ದರು.

ಇದಕ್ಕೆ ಅಲ್ಲಿ ಅಸರ್ಟಿವ್‌ನೆಸ್ ಟ್ರೈನಿಂಗ್ ಅಂತಾರೆ. ನಾನು ಈ ಪದ ಕೇಳಿದ್ದು ಆಫೀಸಿನ ಎಚ್‌ಆರ್ ವರ್ಕ್‌ಶಾಪ್‌ನಲ್ಲಿ. ಮ್ಯಾನೇಜರ್‌ಗೆ ಇಮೇಲ್ ಬರೆಯೋದು ಹೇಗೆ ಅಂತ ಹೇಳಿಕೊಟ್ಟು ಸಮೋಸ ಕೊಟ್ಟಿದ್ದರು. ವ್ಯಸನ ಬಿಡಿಸೋ ಜಾಗದಲ್ಲಿ ಇದಕ್ಕೇನು ಕೆಲಸ ಅಂತ ಮೊದಲು ನನಗೂ ಅನ್ನಿಸಿತ್ತು. ಸರಿಯಾದ ಔಷಧಿ ಕೊಡಿ, ಬುದ್ಧಿ ಹೇಳಿ, ಅವನ ಫೋನಿಂದ ಆ ಹುಡುಗರ ನಂಬರ್ ಅಳಿಸಿ, ಮುಗೀತಲ್ಲ?

ಮುಗಿಯಲ್ಲ. ಎರಡು ಸಲ ನೋಡಿದ್ದೀನಿ.

ತುಮಕೂರು ದಾಟಿ ತಿಪಟೂರು ಕಡೆ ಬರುವಾಗ ಎರಡೂ ಕಡೆ ತೆಂಗು ಶುರುವಾಗುತ್ತೆ. ತಮ್ಮ ಕಿಟಕಿಗೆ ಹಣೆ ಆನಿಸಿ ಕೂತಿದ್ದ. ಹೋದ ವರ್ಷವೂ ಇದೇ ದಾರಿಯಲ್ಲಿ ಅವನನ್ನ ಊರಿಗೆ ಕರ್ಕೊಂಡು ಹೋಗಿದ್ದೆ. ಆಗ ಗಾಂಜಾ ಬಿಟ್ಟು ನೋವಿನ ಮಾತ್ರೆಗೆ ಬಿದ್ದಿದ್ದ ಕಾಲ. ಒಂದು ಜಾಗದಲ್ಲಿ ಮೈಯಿಂದ ವಿಷ ಇಳಿಸೋ ಚಿಕಿತ್ಸೆ ಮಾಡಿ, ಮೂರನೇ ವಾರಕ್ಕೆ ‘ಕ್ಯೂರ್ ಆಗಿದೆ’ ಅಂತ ಕಳಿಸಿದ್ದರು. ಊರಲ್ಲಿ 11 ದಿನ ಚೆನ್ನಾಗಿದ್ದ. 12ನೇ ದಿನ ಪೇಟೆಗೆ ಹೋದವನು ರಾತ್ರಿ ಮನೆಗೆ ಬರಲಿಲ್ಲ. ಆಮೇಲೆ ಕೇಳಿದಾಗ ಅವನು ಹೇಳಿದ್ದು ಒಂದೇ ಮಾತು: “ಅವನು ಅಷ್ಟು ಪ್ರೀತಿಯಿಂದ ಕರೆದ ಅಕ್ಕಾ. ಬೇಡ ಅಂದ್ರೆ ಬೇಜಾರ್ ಮಾಡ್ಕೋತಾನಲ್ಲ ಅಂತ.”

ಕೇಳಿ ನನಗೆ ಉರಿದುಹೋಗಿತ್ತು. ಅಪ್ಪ ಅಮ್ಮ ಬೇಜಾರ್ ಮಾಡ್ಕೊಂಡ್ರೆ ಪರವಾಗಿಲ್ಲ, ಅವನು ಮಾಡ್ಕೋಬಾರದಾ? ಈಗಲೂ ಆ ಮಾತನ್ನ ನಾನು ಪೂರ್ತಿ ನಂಬಲ್ಲ. ಚಟಕ್ಕೆ ಬಿದ್ದ ಮನಸ್ಸು ಕಾರಣ ಹುಡುಕುವುದರಲ್ಲಿ ನಿಸ್ಸೀಮ. ಆದರೆ ಅದರಲ್ಲಿ ಅರ್ಧ ನಿಜ ಇತ್ತು ಅಂತ ತಿಳಿದದ್ದು ಫ್ಯಾಮಿಲಿ ಸೆಷನ್‌ನಲ್ಲಿ.

ಆವತ್ತು ಎರಡು ಪ್ಲಾಸ್ಟಿಕ್ ಕುರ್ಚಿ ಎದುರುಬದುರು ಹಾಕಿ ಮೇಡಂ ನನಗೆ ಹೇಳಿದರು: “ನೀವು ಅವನ ಹಳೇ ಗೆಳೆಯ. ಬಸ್‌ಸ್ಟ್ಯಾಂಡ್‌ನಲ್ಲಿ ಸಿಕ್ಕಿದ್ದೀರಿ. ಒಪ್ಪಿಸಿ.” ಹೆಗ್ಗೋಡಿನ ನೀನಾಸಂ ನಾಟಕ ನೋಡ್ತಾ ಬೆಳೆದ ಸೀಮೆಯವರು ನಾವು, ಪಾತ್ರ ಮಾಡೋಕೆ ನಾಚಿಕೆ ಏನಿಲ್ಲ. ಸಾಲದ್ದಕ್ಕೆ ನಾನು ಸಾಫ್ಟ್‌ವೇರ್ ಕಂಪನಿಯೊಂದರ ಸೇಲ್ಸ್ ಟೀಮಿನಲ್ಲಿರೋಳು. ಎರಡೇ ನಿಮಿಷ.

“ಏನೋ ಮಾರಾಯಾ, ಬೆಂಗಳೂರು ಸೇರಿ ನಮ್ಮನ್ನ ಮರೆತೇಬಿಟ್ಯಲ್ಲ!”

“ಇಲ್ಲ ಕಣೋ, ಸ್ವಲ್ಪ ಹುಷಾರಿರಲಿಲ್ಲ.”

“ಈಗ ಹುಷಾರಾದ್ಯಲ್ಲ, ಬಾ.”

“ಇವತ್ತು ಬೇಡ, ಅಮ್ಮ ಕಾಯ್ತಿರ್ತಾರೆ.”

“ಅಮ್ಮಂಗೆ ನಾನು ಫೋನ್ ಮಾಡ್ತೀನಿ. ಅರ್ಧ ಗಂಟೆ. ನನಗೋಸ್ಕರ.”

ತಮ್ಮ ಸುಮ್ಮನಾದ. ತಲೆ ತಗ್ಗಿಸಿದ. “ಸರಿ” ಅಂದ. ನಾಟಕ ಅಂತ ಗೊತ್ತಿದ್ದೂ, ಎದುರಿಗಿರೋದು ಸ್ವಂತ ಅಕ್ಕ ಅಂತ ಗೊತ್ತಿದ್ದೂ. ಗೆದ್ದವಳು ನಾನು, ಎದ್ದು ಹೋಗಿ ವರಾಂಡದಲ್ಲಿ ಅತ್ತೆ.

ವಾಪಸ್ ಬಂದ ಮೇಲೆ ಮೇಡಂ ಅವನ ಮಾತನ್ನೇ ಒಂದೊಂದಾಗಿ ಬಿಡಿಸಿ ತೋರಿಸಿದರು. ‘ಹುಷಾರಿಲ್ಲ’ ಅಂದರೆ ಹುಷಾರಾದ ಮೇಲೆ ಕರೀತಾರೆ. ‘ಇವತ್ತು ಬೇಡ’ ಅಂದರೆ ನಾಳೆ ಬರ್ತೀನಿ ಅಂತ ಅರ್ಥ. ‘ಅಮ್ಮ ಬೈತಾರೆ’ ಅಂದರೆ ಅಮ್ಮನಿಗೆ ಗೊತ್ತಾಗದ ಹಾಗೆ ಮಾಡೋಣ ಅಂತಾರೆ. ನಾವು ಕೊಡೋ ಒಂದೊಂದು ಕಾರಣವೂ ಎದುರಿನವರಿಗೆ ಹಿಡಿಯೋಕೆ ಕೊಟ್ಟ ಹಿಡಿಕೆ. ಹಾಗಾಗಿ ಬಾಯಿಂದ ಬರೋ ಮೊದಲ ಪದವೇ ‘ಬೇಡ’ ಆಗಿರಬೇಕು. ಕಣ್ಣು ನೋಡಿ, ನೇರ ದನಿಯಲ್ಲಿ. ಕಾರಣ ಬೇಕಿಲ್ಲ. ಬೇಕಾದರೆ ಬೇರೆ ಏನಾದರೂ ಹೇಳಬಹುದು, ‘ಟೀ ಕುಡಿಯೋಣ ಬಾ’ ಅಂತ. ಮತ್ತೆ ಕೇಳಿದರೆ ‘ಇನ್ನು ನನ್ನನ್ನ ಇದಕ್ಕೆ ಕರೀಬೇಡ’ ಅನ್ನಬೇಕು. ಅದಕ್ಕೂ ಬಗ್ಗದಿದ್ದರೆ ಅಲ್ಲಿಂದ ಎದ್ದು ನಡೆಯಬೇಕು. ವಾದ ಮಾಡ್ತಾ ನಿಲ್ಲಬಾರದು. ವಾದದಲ್ಲಿ ಗೆದ್ದು ಚಟದಲ್ಲಿ ಸೋತವರು ಬೇಕಾದಷ್ಟು ಜನ ಇದ್ದಾರಂತೆ.

ಇನ್ನೊಂದು ಉಪಾಯ, ಅದೇ ವಾಕ್ಯವನ್ನ ಒಂದೇ ದನಿಯಲ್ಲಿ ಮತ್ತೆ ಮತ್ತೆ ಹೇಳೋದು. ಗೀರು ಬಿದ್ದ ಗ್ರಾಮಫೋನ್ ಪ್ಲೇಟು ಒಂದೇ ಸಾಲನ್ನ ಹಾಡುತ್ತಲ್ಲ, ಹಾಗೆ. ಮ್ಯಾನ್ಯುಯಲ್ ಸ್ಮಿತ್ ಅನ್ನೋ ಅಮೆರಿಕದ ಮನಶ್ಶಾಸ್ತ್ರಜ್ಞ 1975ರ ತನ್ನ ಪುಸ್ತಕದಲ್ಲಿ ಇದನ್ನ ಜನಪ್ರಿಯ ಮಾಡಿದ. ಪುಸ್ತಕದ ಹೆಸರಿನ ಅರ್ಥವೇ ‘ಬೇಡ ಅಂದಾಗ ನನಗೆ ತಪ್ಪು ಮಾಡಿದ ಭಾವ’ ಅಂತ. ಅಮೆರಿಕದವರಿಗೂ ನಮ್ಮ ದಾಕ್ಷಿಣ್ಯ ಇದೆ ಅಂತ ಓದಿ ಸಮಾಧಾನವಾಯ್ತು.

ಚಿಕಿತ್ಸೆಯಲ್ಲಿ ಇದು ಯಾಕೆ ಬಂತು ಅನ್ನೋದಕ್ಕೂ ಹಿನ್ನೆಲೆ ಇದೆ. ಅಲನ್ ಮಾರ್ಲಟ್ ಅನ್ನೋ ಮನಶ್ಶಾಸ್ತ್ರಜ್ಞ, ಬಿಟ್ಟವರು ಮತ್ತೆ ಯಾವ ಘಳಿಗೆಯಲ್ಲಿ ಜಾರ್ತಾರೆ ಅನ್ನೋದನ್ನೇ ವರ್ಷಗಟ್ಟಲೆ ನೋಡಿದ; 1985ರಲ್ಲಿ ಜೂಡಿತ್ ಗಾರ್ಡನ್ ಜೊತೆ ಆ ಬಗ್ಗೆ ಪುಸ್ತಕವನ್ನೂ ತಂದ. ಕಾರಣಗಳ ಸಾಲಿನಲ್ಲಿ ಮುಂದೆ ನಿಂತದ್ದು ಮೂರು. ಮನಸ್ಸಿನ ಸಂಕಟ, ಆಪ್ತರ ಜೊತೆ ಜಗಳ, ಸುತ್ತಲಿನವರ ಒತ್ತಾಯ. ಮೂರರಲ್ಲಿ ಎರಡು ಜನರ ಜೊತೆಗಿನ ಮಾತಿಗೆ ಸಂಬಂಧಪಟ್ಟಿದ್ದೇ. ಔಷಧಿ ಮೈಯನ್ನ ಸಂಭಾಳಿಸುತ್ತೆ, ಅದು ಬೇಕೇ ಬೇಕು. ಆದರೆ ಸಾಗರದ ಬಸ್‌ಸ್ಟ್ಯಾಂಡಿನಲ್ಲಿ ಹೆಗಲ ಮೇಲೆ ಕೈ ಹಾಕಿದವನಿಗೆ ಏನು ಹೇಳಬೇಕು ಅಂತ ಔಷಧಿ ಹೇಳಿಕೊಡಲ್ಲ.

ಅರಸೀಕೆರೆಯಲ್ಲಿ ಟೀ ಕುಡಿದೆವು. ಬೀರೂರಿನಲ್ಲಿ ಹುಬ್ಬಳ್ಳಿ ದಾರಿ ಬಿಟ್ಟು ರೈಲು ನಮ್ಮ ಕಡೆ ತಿರುಗುತ್ತೆ. ಅಲ್ಲಿಂದ ಮುಂದೆ ನನಗೆ ಊರಿನ ವಾಸನೆ. ಸರಿಯಾಗಿ ಅಲ್ಲೇ ಅವನ ಫೋನ್ ಬಂತು. ಅದೇ ಗೆಳೆಯ. ಹೇಗೋ ಗೊತ್ತಾಗಿತ್ತು. ಬೈಕ್ ತಗೊಂಡು ಸ್ಟೇಷನ್ನಿಗೆ ಬರ್ತೀನಿ ಅಂದನಂತೆ.

“ಅಕ್ಕ ಜೊತೆಗಿದ್ದಾಳೆ ಮಾರಾಯಾ, ಈ ಸಲ ಆಗಲ್ಲ” ಅಂದು ತಮ್ಮ ಫೋನಿಟ್ಟ. ನನಗೆ ಖುಷಿಯಾಯ್ತು. ಅವನ ಮುಖ ಸಪ್ಪಗಿತ್ತು.

“ತಪ್ಪಾಯ್ತು ಅಕ್ಕಾ. ನಿನ್ನನ್ನ ಅಡ್ಡ ಇಟ್ಟೆ. ‘ಈ ಸಲ’ ಅಂತ ಬೇರೆ ಅಂದೆ.”

ತರೀಕೆರೆವರೆಗೂ ಮೆಸೇಜ್ ಟೈಪ್ ಮಾಡೋದು, ಅಳಿಸೋದು. ನಾನು ಇಣುಕಿ ನೋಡಲಿಲ್ಲ ಅಂದರೆ ಸುಳ್ಳಾಗುತ್ತೆ. ಭದ್ರಾವತಿಯಲ್ಲಿ ಕಳಿಸಿದ. ‘ನಾನು ಪೂರ್ತಿ ಬಿಟ್ಟಿದ್ದೀನಿ. ಅದಕ್ಕೆ ನನ್ನನ್ನ ಕರೀಬೇಡ. ಸಿಗೋದಾದ್ರೆ ಹಗಲು ಹೊತ್ತು ಸಿಗೋಣ.’ ನೀಲಿ ಗೆರೆ ಎರಡು ಬಂತು. ಉತ್ತರ ಬರಲಿಲ್ಲ. ಆನಂದಪುರದ ಕಾಡಿನಲ್ಲಿ ನೆಟ್‌ವರ್ಕೂ ಹೋಯ್ತು.

ಮನೆ ತಲುಪಿದಾಗ ರಾತ್ರಿ. ಮಳೆ ಹಿಡಿದು ಸುರೀತಿತ್ತು.

ನಮ್ಮೂರಿನ ಬಗ್ಗೆ ಒಂದು ಮಾತು ಹೇಳಬೇಕು. ಅಡಿಕೆ ತೋಟದ ಮಧ್ಯದ ಮನೆ, ಹತ್ತಿರದ ಪಕ್ಕದ ಮನೆಗೇ ಅರ್ಧ ಕಿಲೋಮೀಟರ್. ಅಂಥಲ್ಲಿ ಮನೆಗೆ ಬಂದವರನ್ನ ಸುಮ್ಮನೆ ಕಳಿಸೋದು ಅಂದರೆ ಅವಮಾನ ಮಾಡಿದ ಹಾಗೆ. ಬಂದ ಕೂಡಲೇ ನೀರು, ಆಸರಿಗೆ, ಆಮೇಲೆ ಕವಳದ ತಟ್ಟೆ. ಎಲೆ, ಅಡಿಕೆ, ಸುಣ್ಣ, ಹೊಗೆಸೊಪ್ಪು. ಊಟಕ್ಕೆ ಕೂತರೆ ‘ಇನ್ನೊಂದು ಸೌಟು’ ಅನ್ನೋದು ಪ್ರಶ್ನೆ ಅಲ್ಲ. ಹೇಳುವಾಗಲೇ ಬಡಿಸಿ ಆಗಿರುತ್ತೆ. ಬೇಡ ಬೇಡ ಅಂತ ಮೂರು ಸಲ ಅನ್ನೋದು, ಮೂರನೇ ಸಲಕ್ಕೆ ಒಪ್ಪಿಕೊಳ್ಳೋದು ನಮ್ಮಲ್ಲಿ ಮರ್ಯಾದೆ. ಅಂದರೆ ‘ಬೇಡ’ ಅನ್ನೋ ಪದಕ್ಕೆ ನಮ್ಮ ಕಡೆ ‘ಇನ್ನೊಮ್ಮೆ ಕೇಳಿ’ ಅಂತಲೇ ಅರ್ಥ! ಇಂಥ ಊರಲ್ಲಿ ಹುಟ್ಟಿದ ಹುಡುಗ ‘ಬೇಡ’ ಅಂದರೆ ಯಾರು ನಂಬಬೇಕು? ಅಜ್ಜಿ ಇದ್ದಾಗ ದಾಕ್ಷಿಣ್ಯಕ್ಕೆ ಬಸುರಾದ ಹಾಗೆ ಅಂತ ಬೈತಿದ್ದರು. ಅವರೇ ಬಡಿಸೋಕೆ ನಿಂತರೆ ಸೌಟು ಕೆಳಗಿಡ್ತಿರಲಿಲ್ಲ ಅನ್ನೋದು ಬೇರೆ ವಿಷಯ.

ಬೆಳಗ್ಗೆ ಅಮ್ಮ ಅರಿಶಿನ ಎಲೆಯ ಕಡುಬು ಮಾಡಿದ್ದರು. ತಮ್ಮ ಮೂರು ತಿಂದ. ನಾಲ್ಕನೆಯದು ಬಂತು.

“ಬೇಡ ಅಮ್ಮಾ.”

“ಒಂದೇ ಒಂದು. ನಿನಗಂತಲೇ ಮಾಡಿದ್ದು.”

“ಬೇಡ ಅಮ್ಮಾ. ಹೊಟ್ಟೆ ತುಂಬಿದೆ ಅಂತಲ್ಲ, ಸಾಕು ಅಂತ.”

ಅಮ್ಮ ಕಡುಬನ್ನ ಪಾತ್ರೆಗೆ ವಾಪಸ್ ಹಾಕಿ ಒಳಗೆ ಹೋದರು. “ಬೆಂಗಳೂರಲ್ಲಿ ಇದನ್ನೇ ಕಲಿಸಿದ್ರಾ?” ಅಂತ ಒಳಗಿನಿಂದ ಕೇಳಿಸಿತು. ಅಪ್ಪಯ್ಯ ಜಗಲಿಯಲ್ಲಿ ಕೊಳೆ ಔಷಧಿ ಹೊಡೆಯೋ ಪಂಪು ಬಿಚ್ಚಿ ಕೂತವರು ಒಮ್ಮೆ ತಲೆ ಎತ್ತಿ ನೋಡಿ, “ಬ್ಯಾಡ ಅಂದ್ರೆ ಬ್ಯಾಡ. ಬಿಡು” ಅಂದರು. ಅವರು ಮಗನ ಪರವಾಗಿ ಮಾತಾಡಿದ್ದನ್ನ ನಾನು ಕೇಳಿದ್ದು ವರ್ಷದ ಮೇಲೆ.

ಆಮೇಲೆ ಅಮ್ಮನ ಹತ್ತಿರ ಕೂತು ಹೇಳಿದೆ. ಅಮ್ಮನಿಗೆ ಬೇಡ ಅನ್ನೋಕೆ ಬಂದವನಿಗೆ ಬೇರೆಯವರಿಗೆ ಅನ್ನೋದು ಸುಲಭ ಆಗುತ್ತಂತೆ, ಅದಕ್ಕೇ ಮನೆಯಿಂದ ಶುರು ಮಾಡಿಸ್ತಾರೆ ಅಂತ. ಅಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡು, “ಹಂಗಾರೆ ದಿನಾ ಒಂದ್ ಕಡುಬು ಜಾಸ್ತಿ ಮಾಡ್ತೀನಿ” ಅಂದರು. ತಮಾಷೆಗೆ ಹೇಳಿದ್ದೋ, ನಿಜಕ್ಕೋ, ಗೊತ್ತಾಗಲಿಲ್ಲ.

ಶನಿವಾರ ಮಳೆ ಬಿಟ್ಟಿತ್ತು. ಅಪ್ಪಯ್ಯನ ಸ್ಕೂಟರ್ ತಗೊಂಡು ಇಬ್ಬರೂ ಮೊದಲು ಇಕ್ಕೇರಿಗೆ ಹೋದೆವು. ಕೆಳದಿ ನಾಯಕರ ಕಾಲದ ಅಘೋರೇಶ್ವರ ದೇವಸ್ಥಾನ, ಎದುರಿಗೆ ಪ್ರತ್ಯೇಕ ಮಂಟಪದಲ್ಲಿ ದೊಡ್ಡ ನಂದಿ. ಮಳೆಗಾಲದಲ್ಲಿ ಆ ಕಲ್ಲು ಕಪ್ಪಗೆ ಹೊಳೆಯುತ್ತೆ, ಜನ ಇರಲ್ಲ. ಜೋಗಕ್ಕೆ ಹೋಗೋ ಗಡಿಬಿಡಿಯಲ್ಲಿ ಇದನ್ನ ಬಿಟ್ಟು ಹೋಗ್ತೀರಿ, ಇನ್ನೊಮ್ಮೆ ಬಂದಾಗ ನೋಡಿ. ತಮ್ಮ ಪ್ರದಕ್ಷಿಣೆ ಬರ್ತಾ ಏನೋ ಗೊಣಗ್ತಿದ್ದ. ಮಂತ್ರ ಅಂದುಕೊಂಡೆ. “ಬೇಡ, ನಾನು ಬಿಟ್ಟಿದ್ದೀನಿ. ಬೇಡ, ನಾನು ಬಿಟ್ಟಿದ್ದೀನಿ.”

ಅಲ್ಲಿಂದ ಹೊಳೆಬಾಗಿಲಿಗೆ. ಸಿಗಂದೂರಿಗೆ ಹೋಗೋರು ಇಲ್ಲಿ ಲಾಂಚಿಗೆ ಕಾಯ್ತಿದ್ದರು. 1964ರ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರು ಆಚೆ ದಡದ ಹಳ್ಳಿಗಳನ್ನ ಸಾಗರದಿಂದ ಕತ್ತರಿಸಿಬಿಟ್ಟಿತ್ತು; ಲಾಂಚೇ ಗತಿ. 2025ರ ಜುಲೈನಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾಯ್ತು. ಎರಡು ಕಿಲೋಮೀಟರಿಗೂ ಉದ್ದ, ಕೇಬಲ್ಲುಗಳ ಮೇಲೆ ನಿಂತಿರೋದು. ನಾವು ಹೋದಾಗ ಸೇತುವೆ ಮೇಲೆ ಸೆಲ್ಫಿ ತೆಗೆಯೋರ ಜಾತ್ರೆ.

ತಮ್ಮನಿಗೆ ಸೇತುವೆ ಬೇಕಿರಲಿಲ್ಲ. ಹಳೆಯ ಕಡವಿನ ಹತ್ತಿರ ಒಂದು ಇಳಿಜಾರು ತೋರಿಸಿದ. “ಇಲ್ಲೇ ಅಕ್ಕಾ ಮೊದಲ ಸಲ. ಪಿಯುಸಿ. ಲಾಂಚ್ ತಡ ಆಗಿತ್ತು. ಒಬ್ಬ ಸೊಪ್ಪು ತಂದಿದ್ದ. ಎಲ್ರೂ ಎಳೆದ್ರು. ಬೇಡ ಅಂದ್ರೆ ಎಲ್ರೂ ನಗ್ತಾರೆ ಅಂತ ಒಂದು ದಮ್ ಎಳೆದೆ.” ಎಷ್ಟು ಸಣ್ಣ ಜಾಗ ಅದು. ನೀರು ತುಂಬಿ ಅರ್ಧ ಮುಳುಗಿತ್ತು.

ಹಗಲು ಹೊತ್ತು ಸಿಗೋಣ ಅಂದಿದ್ದನಲ್ಲ, ಗೆಳೆಯ ಬಂದೇಬಿಟ್ಟ. ಬೆಳಗ್ಗೆ ಇವನೇ ಜಾಗ ಹೇಳಿದ್ದನಂತೆ. ನನಗೆ ಮೊದಲೇ ಹೇಳಿರಲಿಲ್ಲ. ಹೇಳಿದ್ದರೆ ನಾನು ಕರ್ಕೊಂಡು ಬರ್ತಿರಲಿಲ್ಲ. ಮೇಡಂ ಕೂಡ ಇಂಥ ಜಾಗಕ್ಕೆ ಮೊದಲ ತಿಂಗಳುಗಳಲ್ಲಿ ಹೋಗಲೇಬೇಡ ಅಂದಿದ್ದರು, ಅದೂ ಸರಿಯಾದ ಮಾತೇ. ಹಾಗಾಗಿ ನೀವು ಯಾರಾದರೂ ಇದನ್ನ ಓದಿ ನಿಮ್ಮ ತಮ್ಮನನ್ನ ಹಳೇ ಅಡ್ಡಕ್ಕೆ ಕರ್ಕೊಂಡು ಹೋಗಬೇಡಿ. ನಮ್ಮದು ಎಡವಟ್ಟು.

ನಾನು ಹತ್ತು ಮಾರು ದೂರ ನಿಂತೆ. ಮಾತು ಕೇಳಿಸ್ತಿತ್ತು. ಮೊದಲು ಸೇತುವೆ, ಅಡಿಕೆ ರೇಟು, ಯಾರದ್ದೋ ಮದುವೆ. ಆಮೇಲೆ ಗೆಳೆಯ ಜೇಬು ತಟ್ಟಿ ತೋರಿಸಿದ.

“ಬೇಡ. ನಾನು ಬಿಟ್ಟಿದ್ದೀನಿ.”

“ಗೊತ್ತೋ. ಇದು ಅದಲ್ಲ, ಬರೀ ಸೊಪ್ಪು.”

“ಬೇಡ. ಬಿಟ್ಟಿದ್ದೀನಿ.”

“ಎಂತ ದೊಡ್ಡ ಮನುಷ್ಯ ಆಗಿದ್ದೀಯೋ ನೀನು! ನಾನೊಬ್ನೇ ಕೆಟ್ಟವ್ನಾ?”

ಇದು ಪ್ರಾಕ್ಟೀಸ್‌ನಲ್ಲಿ ಬಂದಿರಲಿಲ್ಲ. ತಮ್ಮನ ದನಿ ನಡುಗಿತು. “ನೀನು ಕೆಟ್ಟವ್ನು ಅಂದಿಲ್ಲ. ನನಗೆ ಬೇಡ ಅಂದೆ. ಇನ್ನು ಕೇಳ್ಬೇಡ.” ತಿರುಗಿ ಸ್ಕೂಟರ್ ಕಡೆ ನಡೆದುಬಂದ. ಹಿಂದಿನಿಂದ ಅವನು ಏನೋ ಬೈದ, ಇವನು ನಿಲ್ಲಲಿಲ್ಲ. ಕೀ ತೂರಿಸೋಕೆ ಮೂರು ಸಲ ಬೇಕಾಯ್ತು.

ಸಿನಿಮಾ ಆಗಿದ್ದರೆ ಇಲ್ಲಿ ಹಾಡು ಬರಬೇಕಿತ್ತು. ದಾರಿಯುದ್ದಕ್ಕೂ ಅವನು ಅತ್ತ. ಮೂರನೇ ಕ್ಲಾಸಿಂದ ಜೊತೆಗಿದ್ದವನು ಅಕ್ಕಾ, ನಾನು ಆಕ್ಸಿಡೆಂಟ್ ಆದಾಗ ರಕ್ತ ಕೊಟ್ಟವನು ಅಂದ. ‘ಬೇಡ’ ಅನ್ನೋಕೆ ಕಲಿಸೋರು ಈ ಭಾಗವನ್ನ ಎಷ್ಟು ಹೇಳಿದರೂ ಕಡಿಮೆಯೇ. ಕಳಕೊಳ್ಳೋದು ಬರೀ ಮಾತ್ರೆಯನ್ನಲ್ಲ.

ಅವತ್ತು ರಾತ್ರಿ ಹನ್ನೊಂದಕ್ಕೆ ನನ್ನ ಕೋಣೆ ಬಾಗಿಲು ತಟ್ಟಿದ. “ಅಕ್ಕಾ, ಒಂದು ಸಾವಿರ ಗೂಗಲ್ ಪೇ ಮಾಡ್ತೀಯಾ? ಒಬ್ರಿಗೆ ಕೊಡೋದಿದೆ.” ಕಣ್ಣು ನೆಲದ ಮೇಲೆ.

ಎರಡು ವರ್ಷದಲ್ಲಿ ನಾನು ಅವನಿಗೆ ಹೀಗೇ ಎಷ್ಟು ಕಳಿಸಿದ್ದೀನಿ ಅಂತ ಲೆಕ್ಕ ಹಾಕಿಲ್ಲ, ಹಾಕೋ ಧೈರ್ಯ ಇಲ್ಲ. ಪ್ರತಿ ಸಲವೂ ಗೊತ್ತಿರ್ತಿತ್ತು. ಇಲ್ಲ ಅಂದ್ರೆ ತಮ್ಮ ದೂರ ಆಗ್ತಾನೆ ಅಂತ ಭಯ. ಅವನ ಗೆಳೆಯನ ಮುಂದೆ ಅವನಿಗಿದ್ದ ಭಯವೇ ಅದು.

“ಬೇಡ,” ಅಂದೆ. ನನ್ನ ದನಿ ನನಗೇ ವಿಚಿತ್ರವಾಗಿ ಕೇಳಿಸಿತು. “ದುಡ್ಡು ಕೊಡಲ್ಲ. ನಿನ್ನ ಜೊತೆ ಕೂತಿರ್ತೀನಿ.”

“ನನ್ನ ಮೇಲೆ ನಂಬಿಕೆ ಇಲ್ವಾ?”

“ದುಡ್ಡು ಕೊಡಲ್ಲ. ಕೂತಿರ್ತೀನಿ.”

ಬಾಗಿಲು ದಡಾರನೆ ಹಾಕಿಕೊಂಡು ಹೋದ. ನಾನು ಫೋನ್ ಹಿಡಿದು ಜಗಲಿಯಲ್ಲಿ ಕೂತೆ. ಇಷ್ಟು ದಿನ ಬಿಟ್ಟಿದ್ದ ಮೈಗೆ ಹಳೆಯ ತಾಕತ್ತು ಇರಲ್ಲ, ಮೊದಲಿನಷ್ಟೇ ತಗೊಂಡರೆ ಉಸಿರೇ ನಿಲ್ಲಬಹುದು ಅಂತ ಡಾಕ್ಟರ್ ಹೇಳಿದ್ದು ತಲೆಯಲ್ಲಿ ಸುತ್ತುತ್ತಿತ್ತು. ಕೊಡದೇ ಇದ್ದದ್ದು ಸರಿಯಾ? ಕೊಡದಿದ್ದಕ್ಕೇ ಹೊರಟುಹೋದರೆ? ಟೆಲಿ ಮಾನಸ್‌ನ 14416 ಒತ್ತಿದೆ. ಎತ್ತಿದವರು ಕನ್ನಡದಲ್ಲೇ ಮಾತಾಡಿದರು. ವ್ಯಸನಕ್ಕೆ ಅಂತಲೇ ಇರೋ ರಾಷ್ಟ್ರೀಯ ಸಹಾಯವಾಣಿ 14446 ಕೂಡ ಇದೆ, ಬರೆದಿಟ್ಟುಕೊಳ್ಳಿ. ಹೆಸರು ಹೊರಗೆ ಬರುತ್ತೆ ಅಂತ ಹೆದರಿ ಎಷ್ಟೋ ಮನೆಯವರು ಆಸ್ಪತ್ರೆಗೇ ಹೋಗಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆ ರೋಗಿಯ ವಿವರ ಗುಟ್ಟಾಗಿಡುವ ಹಕ್ಕು ಕೊಟ್ಟಿದೆ. ನಮಗೆ ಅದು ಗೊತ್ತಾಗೋ ಹೊತ್ತಿಗೆ ಒಂದು ವರ್ಷ ಹೋಗಿತ್ತು.

ಒಂದೂವರೆ ಗಂಟೆಗೆ ಅವನು ಬಂದು ಪಕ್ಕದಲ್ಲಿ ಕೂತ. ಮಳೆ ಮತ್ತೆ ಶುರುವಾಗಿತ್ತು. ತುಂಬ ಹೊತ್ತು ಯಾರೂ ಮಾತಾಡಲಿಲ್ಲ.

“ಯಾರಿಗೂ ಕೊಡೋದಿರಲಿಲ್ಲ,” ಅಂದ.

“ಗೊತ್ತು.”

“ಕ್ಲಾಸಲ್ಲಿ ನೀನೇ ಚೆನ್ನಾಗಿ ಕಲ್ತಿದ್ದೀಯ ಬಿಡು.”

ಬೆಳಗಿನ ಜಾವದವರೆಗೂ ಕೂತಿದ್ದೆವು. ಅಮ್ಮ ಎದ್ದು ನೋಡಿ, ಏನೂ ಕೇಳದೆ ಎರಡು ಲೋಟ ಕಷಾಯ ತಂದಿಟ್ಟರು.

ಭಾನುವಾರ ನಾನು ಬೆಂಗಳೂರಿಗೆ ಹೊರಟೆ. ಅವನು ಉಳಿದ. ಅಪ್ಪಯ್ಯನಿಗೆ ಔಷಧಿ ಹೊಡೆಸೋಕೆ ಆಳು ಸಿಕ್ಕಿರಲಿಲ್ಲ, ಪಂಪು ಎಳೀತೀನಿ ಅಂದ. ಆ ವಾರ ದಿನಾ ರಾತ್ರಿ ನೋಟ್‌ಬುಕ್ಕಿನ ಫೋಟೋ ಕಳಿಸ್ತಿದ್ದ. ‘ಸೋಮವಾರ: ಭಟ್ರ ಮನೇಲಿ ಕವಳ, ಬೇಡ ಅಂದೆ.’ ‘ಮಂಗಳವಾರ: ಅಮ್ಮ, ಕಡುಬು.’ ‘ಬುಧವಾರ: ಇಲ್ಲ. ಯಾರೂ ಏನೂ ಕೊಡಲಿಲ್ಲ.’ ‘ಗುರುವಾರ: ಹೇಳೋಕಾಗಲಿಲ್ಲ. ಅಪ್ಪಯ್ಯನಿಗೆ ಸುಮ್ನೆ ಹೂಂ ಅಂದೆ, ಆಮೇಲೆ ಸಿಟ್ಟು ಬಂತು.’ ಗೆಳೆಯನ ಹೆಸರು ಎಲ್ಲೂ ಇರಲಿಲ್ಲ.

ಮುಂದಿನ ಸೋಮವಾರ ಡಾಕ್ಟರ್ ಹತ್ತಿರ ಬರಬೇಕಿತ್ತು. ನಾನೇ ಬರ್ತೀನಿ ಕರ್ಕೊಂಡು ಹೋಗೋಕೆ ಅಂದೆ. ಬೇಡ ಅಂದ. ಭಾನುವಾರ ಸಾಗರದ ಸ್ಟೇಷನ್ನಿಂದ ಮೆಸೇಜ್ ಬಂತು: ‘ಹತ್ತಿದೆ. ಕಿಟಕಿ ಸೀಟು ನನ್ನದೇ, ಆದ್ರೆ ಒಬ್ರು ಅಜ್ಜಿ ಮಲಗಿಬಿಟ್ಟಿದ್ದಾರೆ. ಎಬ್ಬಿಸಲ್ಲ.’